ನಾಲ್ಕು ನೂರಂಶ ವಿಭೂತಿ

ಚಾಮರಾಜಪೇಟೆಯ ನಮ್ಮ ಸಮುದಾಯ ಕಾಲೇಜಿನಲ್ಲಿ ನಾನು ಕಲಿಸುವ ವಿಷಯಕ್ಕೆ ಸಾಫ್ಟ್ ಸ್ಕಿಲ್ಸ್ ಎಂದು ಹೆಸರು. ಕೈಕುಲುಕುವುದು ಹೇಗೆ, ಸಂದರ್ಶನದಲ್ಲಿ ಕಾಲು ಅಲ್ಲಾಡಿಸದೆ ಕೂರುವುದು ಹೇಗೆ, ನಿಮ್ಮ ದೌರ್ಬಲ್ಯವೇನೆಂದು ಕೇಳಿದರೆ ದೌರ್ಬಲ್ಯವಲ್ಲದ್ದೊಂದನ್ನು ಹುಡುಕಿ ಹೇಳುವುದು ಹೇಗೆ, ಇಷ್ಟೇ ನನ್ನ ಶಾಸ್ತ್ರ. ಅವೆನ್ಯೂ ರಸ್ತೆಯಲ್ಲಿ ಅರ್ಧ ಬೆಲೆಗೆ ಕೊಂಡ ಎರಡು ಪುಸ್ತಕಗಳನ್ನು ನಂಬಿ ಒಂಬತ್ತು ವರ್ಷದಿಂದ ಸಂಸಾರ ನಡೆಸುತ್ತಿದ್ದೇನೆ. ಗಿರಿಜಾಂಬಾ ಮೇಡಂ ಅವರ ಕಥೆ ಹೇಳಲು ನನಗಿಂತ ಅಯೋಗ್ಯ ಮನುಷ್ಯ ಈ ಪೇಟೆಯಲ್ಲಿ ಸಿಗುವುದು ಕಷ್ಟ. ಆದರೆ ಅವರ ಪಕ್ಕದಲ್ಲಿ ನಿಂತು ಎಲ್ಲವನ್ನೂ ನೋಡಿದವನು ನಾನೊಬ್ಬನೇ, ಹಾಗಾಗಿ ನಾನೇ ಹೇಳಬೇಕು.

ಮೇಡಂ ಲೋಹ ಕಡೆಯುವ ಲೇತ್ ಯಂತ್ರ ಮತ್ತು ಅಳತೆ ಕಲಿಸುತ್ತಿದ್ದರು. ಅವರ ತಂದೆ ನಂಜುಂಡಯ್ಯನವರದು ಅಕ್ಕಿಪೇಟೆಯಲ್ಲಿ ತಕ್ಕಡಿ ಅಂಗಡಿ. ತೂಕದ ಕಲ್ಲು ಸವೆದಿದೆಯೇ, ತಕ್ಕಡಿಯ ಮುಳ್ಳು ನಡುವೆ ನಿಲ್ಲುತ್ತದೆಯೇ ಎಂದು ನೋಡಿಕೊಡುವುದು ಅವರ ಕಸುಬು. ಸುತ್ತಲಿನ ಅಕ್ಕಿ ಮಂಡಿಯವರೆಲ್ಲ ಅವರಿಗೆ ನಮಸ್ಕಾರ ಹಾಕುತ್ತಿದ್ದರು, ಆದರೆ ಯಾರೂ ಊಟಕ್ಕೆ ಕರೆಯುತ್ತಿರಲಿಲ್ಲವಂತೆ. ಮಗಳು ಮೆಕ್ಯಾನಿಕಲ್ ಡಿಪ್ಲೊಮಾಕ್ಕೆ ಸೇರಿದಾಗ ತರಗತಿಯಲ್ಲಿ ಇದ್ದದ್ದು ಇಬ್ಬರೇ ಹುಡುಗಿಯರು. ಇನ್ನೊಬ್ಬಳು ಮದುವೆಯಾಗಿ ಬಿಟ್ಟಳು. ಇವರೂ ಮದುವೆಯಾದರು, ಬಿಡಲಿಲ್ಲ. ಗಡಿಯಾರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ತಪಾಸಣೆ ವಿಭಾಗದಲ್ಲಿದ್ದು, ಅದು ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದರು. ಆಗ ಕಾರ್ಖಾನೆಯ ಹರಾಜಿನಲ್ಲಿ ಹನ್ನೆರಡು ಲೇತ್‌ಗಳನ್ನು ಕಾಲೇಜಿಗೆ ಕೊಡಿಸಿದವರೂ ಅವರೇ. ಯಂತ್ರಗಳ ಜೊತೆ ತವರಿನಿಂದ ಬಂದ ಸೊಸೆಯಂತೆ ಇದ್ದರು.

ಅವರ ಅಳತೆಯ ಹುಚ್ಚಿಗೆ ಒಂದು ಉದಾಹರಣೆ ಸಾಕು. ನಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ಬಂದವರು ಕೈಗೆ ಉಡುಗೊರೆ ಕೊಡುವ ಮೊದಲು ಚೀಲದಿಂದ ರಸಮಟ್ಟ ತೆಗೆದು ಬಚ್ಚಲಿನ ನೆಲದ ಮೇಲಿಟ್ಟರು. ಅರ್ಚಕರು ಮಂತ್ರ ನಿಲ್ಲಿಸಿ ನೋಡಿದರು.

"ಮನೋಹರ್, ಇಳಿಜಾರು ಉಲ್ಟಾ ಇದೆ. ನೀರು ಹಾಲ್‌ಗೆ ಬರತ್ತೆ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನನ್ನ ಹೆಂಡತಿ ಒಳಗೆ ಗೊಣಗಿದಳು. ಮೂರನೇ ದಿನ ನೀರು ಹಾಲ್‌ಗೆ ಬಂತು. ಇವತ್ತಿಗೂ ಬರುತ್ತದೆ.

ದೇವರ ವಿಷಯದಲ್ಲಿ ಮಾತ್ರ ಅವರ ಬಳಿ ಅಳತೆ ಇರಲಿಲ್ಲ. ಬೆಳಗ್ಗೆ ಲಿಂಗಪೂಜೆ ಮುಗಿಯದೆ ಹನಿ ನೀರು ಮುಟ್ಟುವವರಲ್ಲ. ಆಯುಧಪೂಜೆ ಬಂತೆಂದರೆ ಹನ್ನೆರಡು ಲೇತ್‌ಗೂ ಸ್ವಂತ ಕೈಯಿಂದ ವಿಭೂತಿ ಎಳೆಯುತ್ತಿದ್ದರು. ಸ್ಪ್ಯಾನರು, ಸುತ್ತಿಗೆ, ಎಣ್ಣೆ ಡಬ್ಬ, ಸ್ಟೋರಿನ ಅಂಜನಪ್ಪನ ಸೈಕಲ್ಲು, ಯಾವುದನ್ನೂ ಬಿಡುತ್ತಿರಲಿಲ್ಲ. ಹಚ್ಚಿದ ವಿಭೂತಿಯನ್ನು ಒರೆಸಬಾರದು, ಕೆಲಸ ಮಾಡುತ್ತ ಮಾಡುತ್ತ ತಾನಾಗಿ ಹೋಗಬೇಕು ಎಂಬುದು ಅವರ ತಂದೆಯ ಅಂಗಡಿಯ ಪದ್ಧತಿ, ನಮ್ಮ ಕಾಲೇಜಿನದೂ ಅದೇ ಆಯಿತು.

ಆ ಪೂಜೆಯಲ್ಲಿ ಕೊನೆಯ ವಿಭೂತಿ ಒಂದು ಉಕ್ಕಿನ ತುಂಡಿಗೆ. ಅದರ ವಿಷಯ ಸ್ವಲ್ಪ ಹೇಳಬೇಕು. ಶಾಫ್ಟಿನ, ಅಂದರೆ ಉಕ್ಕಿನ ದುಂಡು ಕಂಬಿಯ, ದಪ್ಪ ಅಳೆಯುವ ನಮ್ಮ ಮೈಕ್ರೋಮೀಟರುಗಳು ಇಪ್ಪತ್ತೈದು ಮಿಲಿಮೀಟರಿನಿಂದ ಶುರುವಾಗುವಂಥವು. ಅವು ಸರಿಯಾಗಿ ಓದುತ್ತಿವೆಯೇ ಎಂದು ನೋಡಲು ಸರಿಯಾಗಿ ಇಪ್ಪತ್ತೈದು ಮಿಲಿಮೀಟರ್ ಉದ್ದದ ತುಂಡೊಂದು ಬೇಕು, ಅದಕ್ಕೆ ಮಾಸ್ಟರ್ ಎನ್ನುತ್ತಾರೆ. ಮೈಕ್ರೋಮೀಟರಿನ ಬಾಯಿಗೆ ಮಾಸ್ಟರ್ ಕೊಟ್ಟು, ಅದರ ಗೆರೆಯನ್ನು ಇಪ್ಪತ್ತೈದಕ್ಕೆ ಕೂರಿಸಿದ ಮೇಲೆಯೇ ಕೆಲಸ. ಮಾಸ್ಟರ್ ಸುಳ್ಳು ಹೇಳಿದರೆ ಎಲ್ಲರೂ ಸುಳ್ಳು ಹೇಳುತ್ತಾರೆ. ನಮ್ಮಲ್ಲಿ ಇದ್ದದ್ದು ಒಂದೇ. ಕಿರುಬೆರಳಿನ ಒಂದು ಗೆಣ್ಣಿನಷ್ಟಿದ್ದ ಅದನ್ನು ಮೇಡಂ ಮಖಮಲ್ಲಿನ ಡಬ್ಬಿಯಲ್ಲಿಟ್ಟಿದ್ದರು. ಪೂಜೆಯ ದಿನ ಅದರ ಎರಡೂ ತುದಿಗೆ ಒದ್ದೆ ವಿಭೂತಿ ಸವರುತ್ತಿದ್ದರು. ಸಾಮಾನ್ಯವಾಗಿ ಹಬ್ಬದ ನಂತರ ಹತ್ತು ದಿನ ರಜೆ. ಬಾಗಿಲು ತೆರೆದ ದಿನ ಮೊದಲು ಮಾಸ್ಟರಿಗೆ ಕೈಮುಗಿದು, ಅದೊಂದನ್ನು ಮಾತ್ರ ಸ್ಪಿರಿಟ್ ಹಾಕಿ ತಾವೇ ಒರೆಸುತ್ತಿದ್ದರು. ಉಳಿದದ್ದಕ್ಕೆ ಪದ್ಧತಿ, ಇದಕ್ಕೆ ಸ್ಪಿರಿಟ್.

ಆ ವರ್ಷ ಹತ್ತು ದಿನ ಸಿಗಲಿಲ್ಲ. ಹತ್ತು ತಿಂಗಳ ಕೋರ್ಸು ಮುಗಿಸಿದ ಹನ್ನೆರಡು ಮಕ್ಕಳಿಗೆ 'ಪ್ರಮಾಣಿತ ಉತ್ಪಾದನಾ ತಂತ್ರಜ್ಞ' ಸರ್ಟಿಫಿಕೇಟಿನ ಪರೀಕ್ಷೆ ವಿಜಯದಶಮಿಯ ಮಾರನೆಯ ದಿನವೇ ಎಂದು ಸರ್ಕಾರದ ಆನ್‌ಲೈನ್ ಪೋರ್ಟಲ್ಲಿನಲ್ಲಿ ಬಂತು. ಪೋರ್ಟಲ್ ಎಂಬುದಕ್ಕೆ ಹಬ್ಬವಿಲ್ಲ.

ಹನ್ನೆರಡು ಜನರಲ್ಲಿ ತೇಜಶ್ರೀ ಒಬ್ಬಳೇ ಹುಡುಗಿ. ಪೀಣ್ಯದ ಒಂದು ವಾಲ್ವ್ ಕಾರ್ಖಾನೆ ಲೇತ್ ವಿಭಾಗಕ್ಕೆ ಮೊದಲ ಬಾರಿ ಹೆಣ್ಣುಮಗಳನ್ನು ತೆಗೆದುಕೊಳ್ಳಲು ಒಪ್ಪಿತ್ತು. ಮುಂದಿನ ತಿಂಗಳು ಎರಡನೇ ತಾರೀಕು ಸರ್ಟಿಫಿಕೇಟಿನ ಸಮೇತ ಬರಬೇಕು, ಇಲ್ಲದಿದ್ದರೆ ಜಾಗ ಇನ್ನೊಬ್ಬರಿಗೆ. ಮನೆಯಲ್ಲಿ ತಾತ ದೊಡ್ಡಬೈರಪ್ಪನವರದೇ ಮಾತು. ಸರ್ಕಾರದ ಮುದ್ರೆಯಿದ್ದ ಕಾಗದ ಬಂದರೆ ಕಾರ್ಖಾನೆ, ಇಲ್ಲವಾದರೆ ಉಪ್ಪಾರಪೇಟೆಯಲ್ಲಿರುವ ಸೋದರಮಾವನ ಲಾಡ್ಜಿನ ರಿಸೆಪ್ಷನ್ನು ಎಂದು ತೀರ್ಮಾನವಾಗಿತ್ತು. ಲಾಡ್ಜಿನಲ್ಲಿ ಅವಳಿಗಾಗಿ ಕುರ್ಚಿಯನ್ನೂ ತಂದಿಟ್ಟಿದ್ದರಂತೆ. ಪರೀಕ್ಷೆಯ ದಿನಕ್ಕೂ ಎರಡನೇ ತಾರೀಕಿಗೂ ನಡುವೆ ಇದ್ದದ್ದು ಒಂದು ವಾರ.

ಪರೀಕ್ಷೆಗೆ ಬಂದ ಅಸೆಸರ್ ಆಂಜಿನಯ್ಯ ಎಂಬವರು. ಕೈಯಲ್ಲೊಂದು ಟ್ಯಾಬು, ಹಣೆಯಲ್ಲಿ ಕುಂಕುಮ, ಒಳ್ಳೆಯ ಮನುಷ್ಯ. ನಿಯಮದ ಪ್ರಕಾರ ಕಲಿಸಿದವರು ನೆಲದ ಹಳದಿ ಗೆರೆ ದಾಟಿ ಯಂತ್ರದ ಕಡೆ ಬರುವಂತಿಲ್ಲ, ಏನನ್ನೂ ಮುಟ್ಟುವಂತಿಲ್ಲ. ಅಂಜನಪ್ಪ ಸ್ಟೋರಿನಿಂದ ಮಖಮಲ್ಲಿನ ಡಬ್ಬಿ ತಂದು ಮೇಜಿನ ಮೇಲಿಟ್ಟ. ನಾನು ಸಾಕ್ಷಿಯ ರುಜು ಹಾಕಲು ಮೇಡಂ ಪಕ್ಕದಲ್ಲಿ ನಿಂತಿದ್ದೆ.

ಮೊದಲು ಆಂಜಿನಯ್ಯ ತಮ್ಮ ಮೈಕ್ರೋಮೀಟರನ್ನು ಮಾಸ್ಟರಿಗೆ ಹೊಂದಿಸಬೇಕು. ಡಬ್ಬಿ ತೆರೆದರು. ತುಂಡಿನ ತುದಿಗೆ ಬಿಳಿಯ ವಿಭೂತಿ ಒಣಗಿತ್ತು. ಅವರು ಕೆಟ್ಟವರಾಗಿದ್ದರೆ, ಅಥವಾ ದೂರದ ಯಾವುದೋ ರಾಜ್ಯದವರಾಗಿದ್ದರೆ, ಇದೇನು ಕೊಳೆ ಎಂದು ಒರೆಸುತ್ತಿದ್ದರು. ಇವರು ಮಾಸ್ಟರನ್ನು ಕಣ್ಣಿಗೊತ್ತಿಕೊಂಡು ಹಾಗೆಯೇ ಮೈಕ್ರೋಮೀಟರಿಗೆ ಕೊಟ್ಟರು. ಅವರ ಹಿಂದೆ ಹನ್ನೊಂದು ಹುಡುಗರು ಸಾಲಾಗಿ ಬಂದು ಕಣ್ಣಿಗೊತ್ತಿಕೊಂಡು ತಂತಮ್ಮ ಮೈಕ್ರೋಮೀಟರನ್ನು ಹೊಂದಿಸಿಕೊಂಡು ಹೋದರು. ಇಡೀ ವಿಧಿ ಪ್ರಸಾದ ಹಂಚಿದಷ್ಟು ಶಿಸ್ತಾಗಿ ನಡೆಯಿತು.

ಹಾಜರಿ ಪಟ್ಟಿಯಲ್ಲಿ ತೇಜಶ್ರೀ ಕೊನೆಯವಳು. ಅವಳೂ ಕಣ್ಣಿಗೊತ್ತಿಕೊಂಡಳು. ಆಮೇಲೆ ಒಂದು ಕ್ಷಣ ನಿಂತು, ಜೇಬಿನಿಂದ ಚರ್ಮದ ತುಂಡು ತೆಗೆದು ಮಾಸ್ಟರಿನ ಎರಡೂ ತುದಿಯನ್ನು ಚೆನ್ನಾಗಿ ಉಜ್ಜಿ ಒರೆಸಿದಳು. ದೇವರು ಮುನಿಸಿಕೊಳ್ಳದಂತೆ ನೋಡಿಕೊಂಡು, ಕೆಲಸವನ್ನೂ ಮಾಡಿದಳು.

ಆಗ ಮೇಡಂ ಮುಖ ನೋಡಿದೆ. ಬಣ್ಣ ಇಳಿದುಹೋಗಿತ್ತು. ಹಬ್ಬದ ಮರುದಿನದ ಗಡಿಬಿಡಿಯಲ್ಲಿ ಸ್ಪಿರಿಟ್ ಹಾಕಿ ಒರೆಸುವುದನ್ನು ಮರೆತಿದ್ದರು. ಎಡಗೈ ಬೆರಳಿನ ಗೆಣ್ಣುಗಳ ಮೇಲೆ ಏನೋ ಲೆಕ್ಕ ಹಾಕುತ್ತಿದ್ದರು. ಒಂದೊಂದು ತುದಿಯಲ್ಲಿ ಎರಡು ನೂರಂಶದಷ್ಟು ವಿಭೂತಿ, ಒಟ್ಟು ಮಿಲಿಮೀಟರಿನ ನಾಲ್ಕು ನೂರಂಶ. ತಲೆಗೂದಲನ್ನು ಉದ್ದಕ್ಕೆ ಸೀಳಿದರೆ ಅರ್ಧ ಭಾಗ.

"ಮನೋಹರ್, ಮಾಸ್ಟರ್ ಮೇಲೆ ವಿಭೂತಿ ಹಾಗೇ ಇತ್ತಾ? ನೋಡಿದ್ರಾ ನೀವು?"

ನೋಡಿದ್ದೆ. ಆದರೆ ಪರೀಕ್ಷೆ ನಿಂತರೆ ಕಾಲೇಜಿನ ಮಾನ್ಯತೆಗೆ ಏನಾಗುತ್ತದೋ, ನನ್ನ ಸಂಬಳಕ್ಕೆ ಏನಾಗುತ್ತದೋ ಎಂಬುದು ಅವರ ಪ್ರಶ್ನೆಗಿಂತ ಮೊದಲೇ ನನ್ನ ತಲೆಗೆ ಬಂದಿತ್ತು.

"ಗಮನಿಸ್ಲಿಲ್ಲ ಮೇಡಂ," ಎಂದೆ. ಸುಳ್ಳನ್ನು ಸುಳ್ಳಿನ ಹಾಗೆ ಕೇಳಿಸದಂತೆ ಹೇಳುವುದೂ ನನ್ನ ಪುಸ್ತಕಗಳಲ್ಲಿದೆ.

ಲೇತ್‌ಗಳು ತಿರುಗಲಾರಂಭಿಸಿದವು. ಆಗಲೇ ನಿಲ್ಲಿಸಿ ಎಂದಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಮೇಡಂ ಅನ್ನಲಿಲ್ಲ. ಹಳದಿ ಗೆರೆಯ ಹಿಂದೆ ಎರಡು ಗಂಟೆ ಕಂಬದಂತೆ ನಿಂತರು. ಹೇಗೋ ಸರಿಹೋಗಬಹುದು ಎಂದು ಅವರೂ ನಂಬಿರಬೇಕು. ಜೀವನದಲ್ಲಿ ಒಮ್ಮೆಯೂ ಯಾವುದೂ ಹೇಗೋ ಸರಿಹೋಗುತ್ತದೆಂದು ನಂಬದ ಹೆಂಗಸು ಆ ಎರಡು ಗಂಟೆ ಮಾತ್ರ ನಮ್ಮಂಥವರಾದರು.

ಮಾಡಬೇಕಾಗಿದ್ದದ್ದು ಮೂವತ್ತು ಮಿಲಿಮೀಟರ್ ದಪ್ಪದ ಶಾಫ್ಟು. ಮೂರು ನೂರಂಶ ಹೆಚ್ಚಾದರೂ ಕಡಿಮೆಯಾದರೂ ಮಾಫಿ, ಅದಕ್ಕಿಂತ ಆಚೆ ಹೋದರೆ ಫೇಲು. ಆಂಜಿನಯ್ಯ ತಮ್ಮ ಮೈಕ್ರೋಮೀಟರಿನಿಂದ ಒಂದೊಂದನ್ನೇ ಅಳೆದರು. ಹನ್ನೊಂದು ಹುಡುಗರೂ ಪಾಸು. ಅವರ ಅಳತೆಗೂ ಅಸೆಸರ್ ಅಳತೆಗೂ ಒಂದೇ ವಿಭೂತಿ, ತಾಳೆಯಾಗದೆ ಏನು ಮಾಡೀತು. ತೇಜಶ್ರೀಯ ಶಾಫ್ಟು ಅಳೆದರು. ಮತ್ತೆ ಅಳೆದರು.

"ನಾಲ್ಕು ನೂರಂಶ ಕಡಿಮೆ ಬರ್ತಿದೆ ಕಣಮ್ಮ."

"ನನ್ನ ಮೈಕ್ರೋಮೀಟರಲ್ಲಿ ಸರಿಯಾಗಿ ಮೂವತ್ತು ಬರ್ತಿದೆ ಸಾರ್."

"ಹನ್ನೊಂದು ಜನಕ್ಕೆ ಸರಿ ಬಂದಿದೆಯಲ್ಲಮ್ಮ. ಊರಿಗೇ ಒಂದು ದಾರಿಯಾದ್ರೆ ಎಡವಟ್ಟನಿಗೇ ಒಂದು ದಾರಿ ಅಂತಾರಲ್ಲ, ಹಂಗಾಯ್ತು ನಿಂದು. ಬೇಜಾರ್ ಮಾಡ್ಕೋಬೇಡ, ಮೂರು ತಿಂಗಳು ಬಿಟ್ಟು ಮತ್ತೆ ಬರಿ."

ಟ್ಯಾಬಿನ ಮೇಲೆ ಬೆರಳೊತ್ತಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದಕ್ಕೆ ಈಗ ಟ್ಯಾಬು ಬಂದಿದೆ. ತೇಜಶ್ರೀ ಅಳಲಿಲ್ಲ. ತನ್ನ ಮೈಕ್ರೋಮೀಟರನ್ನು ಇನ್ನೊಮ್ಮೆ ಒರೆಸಿ ಇನ್ನೊಮ್ಮೆ ಅಳೆದು ನೋಡಿದಳು. ಮೂವತ್ತೇ ಬಂದಿರಬೇಕು, ಏಕೆಂದರೆ ತಲೆಯೆತ್ತಿ ಮೇಡಂ ಕಡೆ ನೋಡಿದಳು. ತಾನು ಕಲಿತದ್ದೇ ತಪ್ಪಿತ್ತೇನೋ ಎಂದು ಕೇಳುವ ನೋಟ ಅದು.

ಮೇಡಂ ಹಳದಿ ಗೆರೆ ದಾಟಿದರು.

"ಆ ಹುಡುಗಿ ಸರಿಯಾಗೇ ಮಾಡಿದಾಳೆ. ತಪ್ಪು ನಂದು," ಎಂದರು. ಒರೆಸಿದ್ದ ಮಾಸ್ಟರನ್ನು ಆಂಜಿನಯ್ಯನವರ ಮೈಕ್ರೋಮೀಟರಿಗೆ ಕೊಟ್ಟು ಅವರ ಕಣ್ಣಿನ ಮುಂದೆ ಹಿಡಿದರು. ಇಪ್ಪತ್ತೈದು ತೋರಿಸಬೇಕಿದ್ದ ಅದು ನಾಲ್ಕು ನೂರಂಶ ಕಡಿಮೆ ತೋರಿಸಿತು. ಅದನ್ನು ಸರಿಪಡಿಸಿ ಮತ್ತೆ ಎಲ್ಲವನ್ನೂ ಅಳೆದರೆ ತೇಜಶ್ರೀಯ ಶಾಫ್ಟು ಸರಿಯಾಗಿ ಮೂವತ್ತು, ಉಳಿದ ಹನ್ನೊಂದರಲ್ಲಿ ಒಂಬತ್ತು ಮಿತಿಗಿಂತ ದಪ್ಪ.

"ಮೇಡಂ, ಸುಮ್ನಿರಬಾರ್ದಿತ್ತಾ?" ಎಂದು ಹಿಂದಿನಿಂದ ಒಬ್ಬ ಹುಡುಗ ಕೇಳಿದ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಸುದ್ದಿ ತಿಳಿದು ಕಾಲೇಜು ನಡೆಸುವ ಟ್ರಸ್ಟಿನ ಕಾರ್ಯದರ್ಶಿ ಬಸವಪ್ರಭು ಓಡಿಬಂದರು. ಮೇಡಂಗೆ ದೂರದಲ್ಲಿ ತಮ್ಮನಾಗಬೇಕು. ಆಂಜಿನಯ್ಯ ಟ್ಯಾಬು ತೋರಿಸಿದರು. ಹಾಕಿದ ಫಲಿತಾಂಶ ಬದಲಾಯಿಸಲು ಕಾರಣ ಆರಿಸಬೇಕು. ಪೋರ್ಟಲ್ ಒಪ್ಪುವ ಕಾರಣಗಳು ನಾಲ್ಕು: ವಿದ್ಯುತ್ ಕಡಿತ, ನೈಸರ್ಗಿಕ ವಿಕೋಪ, ಅಭ್ಯರ್ಥಿಯ ಅಕ್ರಮ, ತರಬೇತುದಾರರ ಅಕ್ರಮ.

"ವಿಭೂತಿ ಯಾವುದ್ರಲ್ಲಿ ಬರತ್ತೆ?" ಎಂದರು ಆಂಜಿನಯ್ಯ, ನಿಜವಾಗಿಯೂ ಗೊತ್ತಾಗದೆ.

"ದೇವರಿಂದ ಆಗಿದ್ದಲ್ವಾ ಸಾರ್, ನೈಸರ್ಗಿಕ ವಿಕೋಪ ಅಂತ ಹಾಕ್ಬಿಡಿ," ಎಂದರು ಬಸವಪ್ರಭು.

"ಅದಕ್ಕೆ ನೀರು ನುಗ್ಗಿರೋ ಫೋಟೋ ಹಾಕ್ಬೇಕು."

"ಹಂಗಾದ್ರೆ ಕರೆಂಟ್ ಹೋಯ್ತು ಅನ್ನಿ. ಅಂಜನಪ್ಪ, ಮೇನ್ ಆಫ್ ಮಾಡಯ್ಯ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಂಜನಪ್ಪ ಸ್ವಿಚ್ಚಿನವರೆಗೆ ಹೋಗಿ ಮೇಡಂ ಮುಖ ನೋಡುತ್ತ ನಿಂತ.

"ಕರೆಂಟ್ ಹೋಗಿದ್ರೆ ಮರುಪರೀಕ್ಷೆ ಯಾವಾಗ?" ಮೇಡಂ ಕೇಳಿದರು.

"ನಲವತ್ತೈದು ದಿನ ಆಗತ್ತೆ ಮೇಡಂ, ಇಡೀ ಬ್ಯಾಚಿಗೆ."

"ತರಬೇತುದಾರರ ಅಕ್ರಮ ಅಂದ್ರೆ?"

ಆಂಜಿನಯ್ಯ ಟ್ಯಾಬಿನಲ್ಲಿ ನಿಯಮ ಓದಿದರು. "ಮಕ್ಕಳ ತಪ್ಪಲ್ವಲ್ಲ, ಇವತ್ತೇ ಮಾಡಬಹುದು. ಆದ್ರೆ ನಿಮ್ಮ ಐಡಿ ಮೂರು ವರ್ಷ ಬಂದ್ ಆಗತ್ತೆ. ಎಲ್ಲೂ ಪಾಠ ಮಾಡೋ ಹಾಗಿಲ್ಲ. ಅರವತ್ತೈದಕ್ಕೆ ಹೆಂಗೂ ವಯಸ್ಸಿನ ಮಿತಿ. ನಿಮಗೀಗೆಷ್ಟು?"

"ಅರವತ್ತೆರಡು."

ಎಲ್ಲರಿಗೂ ಲೆಕ್ಕ ಬರುತ್ತಿತ್ತು.

"ಗಿರಿಜಕ್ಕ, ಹುಡುಗಿಗೆ ಬೇರೆ ಕೆಲಸ ಸಿಗತ್ತೆ. ನಾನೇ ಕೊಡಿಸ್ತೀನಿ," ಎಂದರು ಬಸವಪ್ರಭು ಮೆಲ್ಲಗೆ.

"ಅವಳು ಕೇಳಿದ್ದು ಈ ಕೆಲಸ. ಒತ್ತಿ ಆಂಜಿನಯ್ಯನವರೇ."

ಆಂಜಿನಯ್ಯ ಒತ್ತಲಿಲ್ಲ, ಟ್ಯಾಬನ್ನೇ ಅವರ ಕಡೆ ಚಾಚಿದರು. ಮೇಡಂ ಕನ್ನಡಕ ಹಾಕಿಕೊಂಡು, ನಾಲ್ಕನೇ ಸಾಲನ್ನು ಬೆರಳಿಟ್ಟು ಓದಿ ಖಾತ್ರಿ ಮಾಡಿಕೊಂಡು ಒತ್ತಿದರು.

ಆಮೇಲಿನದು ಮುಕ್ಕಾಲು ಗಂಟೆಯ ಕೆಲಸ. ಲೇತಿನಲ್ಲಿ ಜಾಸ್ತಿ ಇರುವುದನ್ನು ತೆಗೆಯಬಹುದು, ಕಡಿಮೆಯಾದದ್ದನ್ನು ಹಚ್ಚಲಾಗದು. ಒಂಬತ್ತು ಹುಡುಗರು ಮೈಕ್ರೋಮೀಟರ್ ಮತ್ತೆ ಹೊಂದಿಸಿಕೊಂಡು, ದಪ್ಪವಿದ್ದ ಶಾಫ್ಟನ್ನು ತೆಳುವಾಗಿ ಇನ್ನೊಮ್ಮೆ ಕತ್ತರಿಸಿದರು. ಹನ್ನೆರಡೂ ಜನ ಪಾಸು. ಮಾಸ್ಟರಿನ ಮೇಲೆ ಒಂದು ಕಣ ವಿಭೂತಿಗೂ ನೆಲೆಯಿಲ್ಲದಂತೆ ವರ್ಷವರ್ಷವೂ ಒರೆಸುತ್ತ ಬಂದ ಹೆಂಗಸು ಮಾತ್ರ ದಾಖಲೆಯಲ್ಲಿ ಅಕ್ರಮ ಎಸಗಿದವರಾದರು. ಹೋಗುವಾಗ ಆಂಜಿನಯ್ಯ ಅವರ ಕಾಲು ಮುಟ್ಟಿ ನಮಸ್ಕರಿಸಿದರು. ಪೋರ್ಟಲ್ಲಿನಲ್ಲಿ ಅದಕ್ಕೆ ಜಾಗವಿರಲಿಲ್ಲ.

ಮುಂದಿನ ಸೋಮವಾರ ಬಸವಪ್ರಭು ನನ್ನನ್ನು ಕರೆದರು. ತರಬೇತುದಾರರ ಐಡಿ ಇರುವವನು ಕಾಲೇಜಿನಲ್ಲಿ ಇನ್ನು ನಾನೊಬ್ಬನೇ. ಹಿಂದೊಮ್ಮೆ ಎರಡು ದಿನದ ಆನ್‌ಲೈನ್ ತರಬೇತಿಯಲ್ಲಿ, ಕ್ಯಾಮೆರಾ ಆಫ್ ಮಾಡಿ ತರಕಾರಿ ಹೆಚ್ಚುತ್ತ ಪಡೆದದ್ದು. ಲೇತ್ ಮತ್ತು ಅಳತೆ ಇನ್ನು ಮೇಲೆ ನನ್ನದು ಎಂದರು. ನನಗೆ ಮೈಕ್ರೋಮೀಟರ್ ಯಾವ ಕಡೆಯಿಂದ ಹಿಡಿಯಬೇಕೆಂದು ಗೊತ್ತಿಲ್ಲ ಎಂದೆ. "ಸರ್ಟಿಫಿಕೇಟ್ ಇದೆಯಲ್ರೀ," ಎಂದರು.

ಬೇರೆ ದಾರಿಯಿಲ್ಲದೆ ಸಂಜೆ ಮೇಡಂ ಮನೆಗೆ ಹೋದೆ. ಕಾಫಿ ಕೊಟ್ಟರು. ನಾಚಿಕೆ ಬಿಟ್ಟು ವಿಷಯ ಹೇಳಿದೆ, ನಿಮಗೆ ಅನ್ಯಾಯವಾಯಿತು ಎಂದೂ ಹೇಳಿದೆ.

"ಅನ್ಯಾಯ ಏನಿಲ್ಲ. ಗೊತ್ತಿದ್ದೂ ಎರಡು ಗಂಟೆ ಸುಮ್ನೆ ನಿಂತಿದ್ನಲ್ಲ, ಅದಕ್ಕೆ ಪೋರ್ಟಲ್‌ನಲ್ಲಿ ಕಾಲಂ ಇಲ್ಲ. ಇದಕ್ಕಿತ್ತು, ಹಾಕಿದ್ರು. ಲೆಕ್ಕ ಸರಿಹೋಯ್ತು."

ನಾನೂ ಅದೇ ಎರಡು ಗಂಟೆ ಅವರ ಪಕ್ಕದಲ್ಲಿ ನಿಂತಿದ್ದೆ. ಅದನ್ನು ಅವರು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ ಮೈಕ್ರೋಮೀಟರ್ ತಂದು ನನ್ನ ಕೈಗಿಟ್ಟು, "ಮೊದಲು ಹಿಡ್ಕೊಳ್ಳೋದು ಕಲೀರಿ," ಎಂದರು. ವಾರಕ್ಕೆ ಮೂರು ಸಂಜೆ ಹೋಗುತ್ತೇನೆ. ಅವರು ಹೇಳಿದ್ದನ್ನು ಬೆಳಗ್ಗೆ ಮಕ್ಕಳಿಗೆ ಒಪ್ಪಿಸುತ್ತೇನೆ. ಮಕ್ಕಳು ನನಗಿಂತ ಬೇಗ ಕಲಿಯುತ್ತಾರೆ.

ಸರ್ಟಿಫಿಕೇಟು ನಾಲ್ಕೇ ದಿನದಲ್ಲಿ ಪೋರ್ಟಲ್ಲಿಗೆ ಬಂದಿತ್ತು, ತೇಜಶ್ರೀ ಅದರ ಪ್ರಿಂಟು ಹಿಡಿದು ಎರಡನೇ ತಾರೀಕು ಕಾರ್ಖಾನೆಗೆ ಸೇರಿದಳು. ಅದರಲ್ಲಿ ತರಬೇತುದಾರರ ಹೆಸರು ಖಾಲಿ ಬಿಡುವ ಹಾಗಿಲ್ಲ, ಬಂದ್ ಆದ ಹೆಸರು ಬರುವ ಹಾಗೂ ಇಲ್ಲ. ಹನ್ನೆರಡಕ್ಕೆ ಹನ್ನೆರಡರಲ್ಲೂ ನನ್ನ ಹೆಸರಿತ್ತು.

ಒಂದೂವರೆ ತಿಂಗಳ ಮೇಲೆ ಸರ್ಟಿಫಿಕೇಟ್ ಪ್ರದಾನ ಸಮಾರಂಭ. ತೇಜಶ್ರೀ ರಜೆ ಹಾಕಿ ತಾತನನ್ನು ಕರೆದುಕೊಂಡು ಬಂದಿದ್ದಳು. ದೊಡ್ಡಬೈರಪ್ಪನವರಿಗೆ ಎಂಬತ್ತರ ಹತ್ತಿರ. ಸರ್ಟಿಫಿಕೇಟಿನಲ್ಲಿದ್ದ ನನ್ನ ಹೆಸರನ್ನು ನೆರೆಮನೆಯ ಹುಡುಗನ ಕೈಲಿ ಓದಿಸಿಕೊಂಡು ಬಂದಿದ್ದರು. ಜನರ ನಡುವೆ ನನ್ನನ್ನು ಹುಡುಕಿ, ಚೀಲದಿಂದ ಶಾಲು ತೆಗೆದು ಹೊದಿಸಿ, ಹಣ್ಣು ಎಲೆ ಅಡಿಕೆ ಕೈಗಿಟ್ಟರು.

"ನೀವೇನಾ ಮನೋಹರ್ ಮೇಷ್ಟ್ರು? ನಮ್ ಮಗೀಗೆ ವಿದ್ಯೆ ಕೊಟ್ರಿ ಸ್ವಾಮಿ. ಹೆಣ್ಮಗು ಲೇತ್ ಹಿಡಿಯೋದುಂಟಾ ಅಂತಿದ್ದೆ ನಾನು. ತಪ್ಪಾಯ್ತು."

ಮುದುಕರು ನನಗೆ ಕೈಮುಗಿದು ನಿಂತಿದ್ದರು. ತೇಜಶ್ರೀ ಅವರ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದಳು. ಒಂದೇ ವಾಕ್ಯ ಹೇಳಬೇಕಿತ್ತು. ಸುತ್ತ ಹತ್ತು ಜನ ಚಪ್ಪಾಳೆ ತಟ್ಟುತ್ತಿದ್ದರು.

"ಥ್ಯಾಂಕ್ಸ್ ತಾತ," ಎಂದೆ.

"ನಡಿ ತಾತ, ಇನ್ನೊಬ್ರ ಮನೆಗೆ ಹೋಗ್ಬೇಕು," ಎಂದು ತೇಜಶ್ರೀ ಅವರ ತೋಳು ಹಿಡಿದಳು.

"ಯಾರಮ್ಮ? ಇನ್ನೊಂದು ಶಾಲು ತಂದಿಲ್ವಲ್ಲ."

"ಶಾಲು ಬೇಡ. ಕಾರ್ಖಾನೇಲಿ ನಾನು ಮಾಡಿದ್ದು ಒಂದು ಪೀಸ್ ಕೇಳಿ ಇಸ್ಕೊಂಡು ಬಂದಿದೀನಿ. ಅವರು ಅಳೆದು ನೋಡ್ಬೇಕು."

ಇಬ್ಬರೂ ಗೇಟಿನ ಕಡೆ ನಡೆದರು. ಮುದುಕರ ನಡಿಗೆ ನಿಧಾನ, ಬೇಕಿದ್ದರೆ ಯಾರಾದರೂ ಹಿಂದೆ ಹೋಗಿ ಸೇರಿಕೊಳ್ಳಬಹುದಾಗಿತ್ತು. ನಾನು ಹೆಗಲಿನ ಶಾಲು ತೆಗೆದು ಮಡಚಿ ನಾಲ್ಕು ಹೆಜ್ಜೆ ಹೋದೆ ಕೂಡ. ಅಷ್ಟರಲ್ಲಿ ಬಸವಪ್ರಭು ಗ್ರೂಪ್ ಫೋಟೋಗೆ ಕರೆದರು, ಶಾಲು ಹೊದ್ದುಕೊಂಡೇ ಬನ್ನಿ, ಚೆನ್ನಾಗಿ ಕಾಣುತ್ತೆ ಎಂದರು. ಹೋಗಿ ನಡುವೆ ನಿಂತೆ.